ಪಾಚಿಯ ರಾತ್ರಿಪಾಳಿ

ನೀಲಿ-ಹಸಿರು ಪಾಚಿಯಿಂದ ಇಂಧನ ತೆಗೆಯುತ್ತೇವೆ, ಸಕ್ಕರೆ ತೆಗೆಯುತ್ತೇವೆ, ಪ್ಲಾಸ್ಟಿಕ್ ತೆಗೆಯುತ್ತೇವೆ ಎಂಬ ಸುದ್ದಿಗಳಿಗೆ ಬರವಿಲ್ಲ. ಬಿಸಿಲು ಪುಕ್ಕಟೆ, ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲೇ ಇದೆ, ಬೇಕಾದ ಕಿಣ್ವದ ವಂಶವಾಹಿಯೊಂದನ್ನು ಸೇರಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬುದು ಇವುಗಳ ಹಿಂದಿನ ಲೆಕ್ಕ. ಅದರಲ್ಲಿ ರಾತ್ರಿಗೆ ಜಾಗವಿಲ್ಲ. ಪ್ರಯೋಗಾಲಯದಲ್ಲಿ ದೀಪ ಆರಿಸದೆ ಬೆಳೆಸಿ ಪಡೆದ ಇಳುವರಿಯನ್ನು ಬಯಲಿನ ಕೊಳಕ್ಕೂ ಅನ್ವಯಿಸುವುದು ತಪ್ಪು. ಕತ್ತಲಾದ ಮೇಲೆ ಈ ಜೀವಿಗಳು ಸುಮ್ಮನೆ ಮಲಗುವುದಿಲ್ಲ. ಹಗಲು ಕೂಡಿಟ್ಟದ್ದನ್ನು ಕರಗಿಸುವ ಬೇರೆಯದೇ ಪಾಳಿ ಶುರುವಾಗುತ್ತದೆ.

ಗಿಡದ ಜೀವಕೋಶದಲ್ಲಿ ಸಕ್ಕರೆ ಕಟ್ಟುವುದಕ್ಕೆ ಕ್ಲೋರೋಪ್ಲಾಸ್ಟ್ ಎಂಬ ಬೇರೆ ಕೋಣೆಯಿದೆ. ನೀಲಿ-ಹಸಿರು ಪಾಚಿಗೆ, ಅಂದರೆ ಸೈನೋಬ್ಯಾಕ್ಟೀರಿಯಾಕ್ಕೆ, ಆ ಅನುಕೂಲವಿಲ್ಲ. ಕಟ್ಟುವುದು, ಒಡೆಯುವುದು ಎರಡೂ ಒಂದೇ ಕೋಶರಸದಲ್ಲಿ, ಎಷ್ಟೋ ಕಡೆ ಅವೇ ಸಕ್ಕರೆ-ಫಾಸ್ಫೇಟುಗಳನ್ನು ಬಳಸಿಕೊಂಡು ನಡೆಯಬೇಕು. ಎರಡೂ ಒಟ್ಟಿಗೆ ನಡೆದರೆ ಶಕ್ತಿಯೆಲ್ಲ ನೀರಿನಲ್ಲಿ ಹೋಮ. ಹಾಗಾಗದಂತೆ ತಡೆಯುವ ವ್ಯವಸ್ಥೆ ಅಚ್ಚುಕಟ್ಟಾದದ್ದು. ಬೆಳಕಿದ್ದಾಗ ದ್ಯುತಿಸಂಶ್ಲೇಷಣೆಯಿಂದ ಬರುವ ಎಲೆಕ್ಟ್ರಾನುಗಳು ಥಯೋರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನನ್ನು ತಲುಪುತ್ತವೆ. ಅದರ ಪ್ರಭಾವದಿಂದ, ಕತ್ತಲಲ್ಲಿ ಸಕ್ಕರೆ ಕಟ್ಟುವ ದಾರಿಯಾದ ಕ್ಯಾಲ್ವಿನ್ ಚಕ್ರದ ಎರಡು ಕಿಣ್ವಗಳನ್ನು ಕಟ್ಟಿಹಾಕಿದ್ದ ಸಿಪಿ12 ಪ್ರೋಟೀನಿನ ಹಿಡಿತ ಸಡಿಲುತ್ತದೆ. ಅದೇ ಹೊತ್ತಿಗೆ, ಸಕ್ಕರೆ ಒಡೆಯುವ ದಾರಿಯ ಬಾಗಿಲಲ್ಲಿರುವ ಗ್ಲುಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಕಿಣ್ವದ ಚಟುವಟಿಕೆ ಕುಗ್ಗುತ್ತದೆ. ಕತ್ತಲಾದರೆ ಎಲ್ಲವೂ ತಿರುವುಮುರುವು. ಇದರ ಮೇಲೆ ಇನ್ನೊಂದು ಹತೋಟಿಯಿದೆ: ಇಂಗಾಲ ಹಿಡಿದಾಗ ಮೊದಲು ಹುಟ್ಟುವ ಫಾಸ್ಫೋಗ್ಲಿಸರೇಟ್ ಹೆಚ್ಚಿದಂತೆ, ಗ್ಲೈಕೋಜನ್ ರೂಪದಲ್ಲಿ ದಾಸ್ತಾನು ಮಾಡುವ ಕಿಣ್ವ ಚುರುಕಾಗುತ್ತದೆ.

ಹಾಗಾದರೆ ಬೆಳಕೇ ಯಜಮಾನನೇ? ಅಷ್ಟು ಸುಲಭವಾಗಿ ಹೇಳಲಾಗದು. ಹೌದೆನ್ನಲು ಸಾಕ್ಷ್ಯವಿದೆ: ಸಿನೆಕೊಸಿಸ್ಟಿಸ್ 6803 ಎಂಬ ತಳಿಗೆ ಗ್ಲುಕೋಸನ್ನು ಧಾರಾಳವಾಗಿ ಕೊಟ್ಟರೂ ಪೂರ್ಣ ಕತ್ತಲಲ್ಲಿ ಅದು ಬೆಳೆಯಲಿಲ್ಲ. ದಿನಕ್ಕೆ ಐದು ನಿಮಿಷ ಬೆಳಕು ಬಿಟ್ಟರೆ ಬೆಳೆಯಿತು ಎಂದು 1991ರಲ್ಲಿ ವರದಿಯಾಯಿತು. ಐದು ನಿಮಿಷದ ಬೆಳಕಿನಿಂದ ಹೊಟ್ಟೆ ತುಂಬದು; ಅದು ಸಂಕೇತವಾಗಿಯೇ ಕೆಲಸ ಮಾಡಿರಬೇಕು. ಇದಕ್ಕೆ ಎದುರಾದ ಸಾಕ್ಷ್ಯವೂ ಇದೆ. ಸಿನೆಕೊಕಾಕಸ್ ಇಲಾಂಗೇಟಸ್ ಎಂಬ ಇನ್ನೊಂದು ಸೈನೋಬ್ಯಾಕ್ಟೀರಿಯಾ ಸ್ವತಃ ಗ್ಲುಕೋಸ್ ತಿಂದು ಬದುಕಲಾರದು. ಅದಕ್ಕೆ ಗ್ಲುಕೋಸ್ ಒಳತರುವ ಪ್ರೋಟೀನೊಂದನ್ನು ಸೇರಿಸಿ ಕತ್ತಲಲ್ಲೇ ಉಣಿಸಿದಾಗ, ಅದರ ದೈನಂದಿನ ಗಡಿಯಾರ ಊಟದ ಹೊತ್ತಿಗೆ ಹೊಂದಿಕೊಂಡಿತು. ನಗೋಯಾದ ತಕಾವೊ ಕೊಂಡೊ ಅವರ ತಂಡ 2005ರಲ್ಲಿ ಮೂರು ಪ್ರೋಟೀನು ಮತ್ತು ಕೋಶದ ಇಂಧನವಾದ ಎಟಿಪಿಯನ್ನಷ್ಟೇ ಬೆರೆಸಿ ಪ್ರನಾಳದಲ್ಲಿ ಓಡಿಸಿ ತೋರಿಸಿದ ಗಡಿಯಾರವೂ ಇದೇ ಜೀವಿಯದು. ಆ ಗಡಿಯಾರ ಕೋಶದೊಳಗಿನ ಶಕ್ತಿಯ ಸ್ಥಿತಿಯನ್ನು ಗಮನಿಸುತ್ತದೆ. ಬೆಳಕು ಬಂದಿತೇ ಎಂಬುದರಷ್ಟೇ, ಬಂದದ್ದು ಏನಾಯಿತು ಎಂಬುದೂ ಕೋಶಕ್ಕೆ ಮುಖ್ಯ.

ಇಷ್ಟೊಂದು ಹತೋಟಿ ನಮಗೆ ಅಡ್ಡಿಯಾದರೆ ಕಿತ್ತುಹಾಕಬಾರದೇಕೆ ಎಂದು ಕೇಳಬಹುದು. ಕಿತ್ತು ನೋಡಿದ್ದಾರೆ. ಗಡಿಯಾರದ ಸಂದೇಶವನ್ನು ವಂಶವಾಹಿಗಳಿಗೆ ಮುಟ್ಟಿಸುವ ಆರ್‌ಪಿಎಎ ಪ್ರೋಟೀನ್ ಇಲ್ಲದ ತಳಿ ನಿರಂತರ ಬೆಳಕಿನಲ್ಲಿ ಬದುಕುತ್ತದೆ. ಹಗಲು-ರಾತ್ರಿಯ ಚಕ್ರಕ್ಕೆ ಸಿಕ್ಕಿದರೆ ದಾಸ್ತಾನು ಬಳಸಲಾಗದೆ ಸೋಲುತ್ತದೆ. ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಇಲಾಂಗೇಟಸ್‌ನಿಂದ ಸುಕ್ರೋಸ್ ಹೊರಹಾಕಿಸುವ ಪ್ರಯೋಗ 2012ರಲ್ಲೇ ಫಲ ಕೊಟ್ಟಿತಲ್ಲ? ಕೊಟ್ಟಿತು, ಒಪ್ಪಬೇಕು. ಆದರೆ ಅಲ್ಲಿ ಸಕ್ಕರೆ ಹೊರಗೆ ಹರಿದಂತೆ ದ್ಯುತಿಸಂಶ್ಲೇಷಣೆಯೂ ಹೆಚ್ಚಿತು. ಅಂದರೆ ಬೆಳಕು ಹಿಡಿಯುವ ಯಂತ್ರ ಕೂಡ ಸಕ್ಕರೆಯ ಬೇಡಿಕೆಗೆ ಓಗೊಡುತ್ತದೆ. ಆ ಯಶಸ್ಸು ನಿಯಂತ್ರಣವನ್ನು ಬಳಸಿಕೊಂಡದ್ದು, ಕಡೆಗಣಿಸಿದ್ದಲ್ಲ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧನೆ ನಡೆಸಿದ ಸ್ಪಿರುಲಿನಾ ಕೂಡ ಸೈನೋಬ್ಯಾಕ್ಟೀರಿಯಾವೇ. ತೆರೆದ ಕೊಳದಲ್ಲಿ ಹಗಲು ಗಳಿಸಿದ್ದರ ಒಂದು ಪಾಲು ರಾತ್ರಿಯ ಉಸಿರಾಟದಲ್ಲಿ ಕರಗುತ್ತದೆ ಎಂಬುದು ಬೆಳೆಗಾರರಿಗೆ ಹಣದ ಪ್ರಶ್ನೆ. ಹೀಗಿರುವಾಗ, ಸಾರ್ವಜನಿಕ ಹಣ ಪಡೆಯುವ ಪ್ರತಿ ಪಾಚಿ ಯೋಜನೆಯೂ ತನ್ನ ಇಳುವರಿಯನ್ನು ಹಗಲು-ರಾತ್ರಿಯ ಚಕ್ರದಲ್ಲಿ ಅಳೆದು, ಸಂಜೆಯ ಮತ್ತು ಮರುಬೆಳಗಿನ ತೂಕ ಎರಡನ್ನೂ ವರದಿಯಲ್ಲಿ ಕೊಡಬೇಕೆಂದು ಕೇಳುವುದು ಹೆಚ್ಚೇನಲ್ಲ.