ಮಳೆಗೆ ಮಾಸ್ಕ್ ಹಾಕಿದ ಕಥೆ

2019ರ ಆಗಸ್ಟ್. ಗ್ಲೆನ್ ವೇವರ್ಲಿಯಲ್ಲಿ ಕೊರೆಯೋ ಚಳಿ. ಹೀಟರ್ ಮುಂದೆ ಕೂತು ನಂಜನಗೂಡಿನ ದೊಡ್ಡಮ್ಮನಿಗೆ ಫೋನ್ ಹಚ್ಚಿದ್ದೆ. "ಮಳೆ ಜೋರಾ?" ಅಂದ್ರೆ, "ಇಲ್ಲಿ ಅಷ್ಟೇನಿಲ್ಲ ಕಣೋ, ಆದ್ರೆ ಕಪಿಲೆ ಮೈಸೂರು ರಸ್ತೆಗೇ ಬಂದು ಕೂತಿದಾಳೆ" ಅಂದ್ರು.

ಆ ಮಾತು ತಲೇಲಿ ಉಳಿದಿತ್ತು. ಮೊನ್ನೆ ಆ ತಿಂಗಳ ನಕ್ಷೆ ಮಾಡೋಣ ಅಂತ ಭಾರತ ಹವಾಮಾನ ಇಲಾಖೆಯ ಮಳೆ ಲೆಕ್ಕ ಇಳಿಸಿಕೊಂಡೆ. 1901ರಿಂದ ದಿನದಿನದ್ದೂ ಇದೆ, ದೇಶವನ್ನು 0.25 ಡಿಗ್ರಿಯ ಚೌಕಗಳಾಗಿ ಹೆಚ್ಚಿಟ್ಟಿದ್ದಾರೆ, ಒಂದೊಂದೂ ಸುಮಾರು 27 ಕಿಲೋಮೀಟರ್ ಅಗಲ. ಆರ್ ಭಾಷೆಯಲ್ಲಿ ಓದಿಸಿ, ಎಲ್ಲರೂ ಮಾಡೋ ಹಾಗೆ ಕರ್ನಾಟಕದ ಗಡಿ ಕೊಟ್ಟು ಮಾಸ್ಕ್ ಮಾಡಿದೆ. ಗಡಿಯಾಚೆಯದೆಲ್ಲ ಎನ್‌ಎ, ಅಂದ್ರೆ ಖಾಲಿ. ನಕ್ಷೆಯೇನೋ ಗೋಡೆಗೆ ತೂಗುಹಾಕೋ ಹಾಗೆ ಬಂತು. ಆದರೆ ಪ್ರವಾಹದ ಮುಖ್ಯ ಕಾರಣವೇ ಮಾಯ!

ಕಬಿನಿ ಹುಟ್ಟೋದು ಕೇರಳದ ವಯನಾಡಿನಲ್ಲಿ ಅಲ್ವೇ? ಅಲ್ಲಿ ಸುರಿದದ್ದು ಹೆಗ್ಗಡದೇವನಕೋಟೆಯ ಬೀಚನಹಳ್ಳಿ ಅಣೆಕಟ್ಟಿಗೆ, ಗೇಟು ತೆಗೆದರೆ ನಂಜನಗೂಡಿಗೆ. ನೀರಿಗೆ ಚೆಕ್‌ಪೋಸ್ಟ್ ಇಲ್ಲ. ಮಾಸ್ಕ್ ಹಾಕಿದವನು ನಾನು.

ಗಡಿಯ ಮೇಲಿನ ಚೌಕಗಳದ್ದು ಇನ್ನೊಂದು ರಾಮಾಯಣ. ಹಳೆಯ ರಾಸ್ಟರ್ ಪ್ಯಾಕೇಜು ಚೌಕದ ನಡುಬಿಂದು ಒಳಗಿದ್ದರಷ್ಟೇ ಉಳಿಸಿಕೊಳ್ಳುತ್ತಿತ್ತು. ಈಗಿನ ಟೆರಾ, ನಾವು ಬೇಡ ಅನ್ನದಿದ್ದರೆ, ಗಡಿ ತಾಗಿದ್ದನ್ನೂ ಇಟ್ಟುಕೊಳ್ಳುತ್ತೆ. ಪ್ಯಾಕೇಜು ಬದಲಾದರೆ ರಾಜ್ಯದ ಸರಾಸರಿ ಮಳೆಯೂ ಬದಲಾಗುತ್ತೆ ಮಾರಾಯ್ರೆ! (ಇಲಾಖೆಯ ಕಡತದಲ್ಲಿ ಖಾಲಿ ಜಾಗಕ್ಕೆ ಮೈನಸ್ 999 ಅಂತ ಇರುತ್ತೆ. ಅದನ್ನು ಎನ್‌ಎ ಮಾಡೋದು ಮರೆತು ಒಮ್ಮೆ ಅರಬ್ಬೀ ಸಮುದ್ರದಿಂದ ಮಳೆ ವಾಪಸ್ ಮೇಲಕ್ಕೆ ಹೋಗುವಂತೆ ಮಾಡಿದ್ದೆ.)

ಬಿಚ್ಚೋದು ಇನ್ನೂ ಕಷ್ಟ. ಮಾಸ್ಕ್ ಮಾಡಿದ್ದನ್ನೇ ಹಳೆಯ ಹೆಸರಿನಲ್ಲಿ ಉಳಿಸಿಬಿಟ್ಟರೆ ಒಳಗಿದ್ದದ್ದು ಹೋಯ್ತು ಅಂತಲೇ. ಮೂಲ ಕಡತ ಇದ್ದರೆ ಕವರ್ ಅನ್ನೋ ಆಜ್ಞೆಯಿಂದ ತುಂಬಿಸಬಹುದು, ಇಲ್ಲದಿದ್ದರೆ ಇಲ್ಲ. ಆಮೇಲೆ ನೋಡುವವರಿಗೆ ಆ ಎನ್‌ಎ ಅಂದ್ರೆ ಅಳತೆಯೇ ಆಗಲಿಲ್ಲವೋ, ನಾವೇ ಬೇಡ ಅಂದೆವೋ ಗೊತ್ತಾಗಲ್ಲ. ಎರಡಕ್ಕೂ ಒಂದೇ ಮುಖ. ಕಾವೇರಿ ಜಗಳದಲ್ಲಿ ಮಳೆ ಲೆಕ್ಕ ಮುಂದಿಟ್ಟು ವಾದಿಸುವವರು ಯಾವ ಗೆರೆಯಲ್ಲಿ ಕತ್ತರಿಸಿದ್ರಿ ಅಂತ ಮೊದಲು ಹೇಳಲಿ ಅನ್ನೋದು ನನ್ನ ವಾದ. ರಾಜ್ಯದ ಗೆರೆ ಬೇಡ ಅನ್ನಲ್ಲ. ಲೆಕ್ಕ ಮುಗಿದ ಮೇಲೆ ಎಳೀರಿ.

ಮತ್ತೆ ಮೂಲದಿಂದ ಶುರು ಮಾಡಿ ಕಬಿನಿಯ ಜಲಾನಯನವನ್ನೇ ಮಾಸ್ಕ್ ಆಗಿ ಕೊಟ್ಟೆ. ವಯನಾಡು ವಾಪಸ್ ಬಂತು, ಕಡುನೀಲಿಯಾಗಿ. ದೊಡ್ಡಮ್ಮನಿಗೆ ವಾಟ್ಸಾಪ್ ಮಾಡಿದೆ. "ಇದ್ರಲ್ಲಿ ನಮ್ಮನೆ ಎಲ್ಲೋ?" ಅಂತ ಉತ್ತರ ಬಂತು. 27 ಕಿಲೋಮೀಟರ್ ಚೌಕದೊಳಗೆ ಎಲ್ಲಿ ಅಂತ ತೋರಿಸೋದು?