ಹೊಣೆ ಹೊರದವರಿಗೆ ನಾಯಕತ್ವದ ಪದವಿ

ಕಳೆದ ಮಳೆಗಾಲದ ಒಂದು ಭಾನುವಾರ ಬೈಕುಲ್ಲಾದ ನಮ್ಮ ಚಾಳಿನ ಹಳೆಯ ನೆರೆಯವರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ರೈಲು ನಿಲ್ದಾಣದ ಬಳಿ ಅವರದೊಂದು ಪುಟ್ಟ ಕ್ಯಾಂಟೀನು ಇದೆ. ಮಗ ಬಿ.ಕಾಂ. ಮುಗಿಸಿ ಎಂ.ಬಿ.ಎ.ಗೆ ಪ್ರವೇಶ ಪಡೆದಿದ್ದ. ಶುಲ್ಕಕ್ಕಾಗಿ ತೆಗೆಯುವ ಬ್ಯಾಂಕ್ ಸಾಲದ ಕಾಗದಗಳಿಗೆ ನನ್ನ ಸಾಕ್ಷಿ ಬೇಕಿತ್ತು. ಜೊತೆಗೆ ಸಂಸ್ಥೆಯ ಪರಿಚಯ ಪುಸ್ತಿಕೆಯನ್ನೂ ತಂದಿದ್ದರು. ನಾಳಿನ ನಾಯಕರನ್ನು ರೂಪಿಸುತ್ತೇವೆ ಎಂಬರ್ಥದ ಘೋಷಣೆ ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿತ್ತು. ತಂದೆ ಅದರ ಮೇಲೆ ಬೆರಳಿಟ್ಟು ಕೇಳಿದರು: “ಮಾಷ್ಟ್ರೇ, ಲೆಕ್ಕ ಕಲಿಸ್ತಾರೆ, ಬ್ಯಾಂಕಿನ ವ್ಯವಹಾರ ಕಲಿಸ್ತಾರೆ, ಅದು ನನಗೆ ಅರ್ಥ ಆಗ್ತದೆ. ಈ ನಾಯಕತ್ವವನ್ನು ಕ್ಲಾಸಿನಲ್ಲಿ ಕೂರಿಸಿ ಹೇಗೆ ಕಲಿಸುವುದು?”

ನಾನು ಸಹಿ ಹಾಕಿದೆ. ಉತ್ತರ ಕೊಡಲಾಗಲಿಲ್ಲ. ಹನ್ನೊಂದು ವರ್ಷ ನಗರದ ಒಂದು ನಿರ್ವಹಣಾ ಶಿಕ್ಷಣ ಸಂಸ್ಥೆಯಲ್ಲಿ ಅತಿಥಿ ಉಪನ್ಯಾಸಕನಾಗಿ ಇದೇ ವಿಷಯವನ್ನು ಬೋಧಿಸಿದವನು ನಾನು. ಆದುದರಿಂದ ಆ ಮೌನ ನನ್ನನ್ನು ಹೆಚ್ಚು ಕಾಡಿತು. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ ನನ್ನದೇ ತಪ್ಪೊಪ್ಪಿಗೆ. ಒಮ್ಮೆ ಐವರು ವಿದ್ಯಾರ್ಥಿಗಳ ತಂಡವೊಂದು ತನ್ನ ಯೋಜನಾ ವರದಿಯನ್ನು ಮಂಡಿಸುತ್ತಿತ್ತು. ನಾಯಕನ ಮಾತು ನಿರರ್ಗಳ, ನಿಲುವು ಅಚ್ಚುಕಟ್ಟು. ನಡುವೆ ಒಂದು ಕೋಷ್ಟಕದ ಅಂಕಿಗಳು ತಪ್ಪಾಗಿರುವುದನ್ನು ನಾನು ಎತ್ತಿ ತೋರಿಸಿದೆ. ಆತ ಕ್ಷಣವೂ ತಡವರಿಸದೆ ಪಕ್ಕದಲ್ಲಿದ್ದ ಗೆಳತಿಯ ಕಡೆ ಕೈ ತೋರಿಸಿ, ಆ ಭಾಗ ಆಕೆಯದು ಎಂದ. ಆ ಹುಡುಗಿ ತಲೆ ತಗ್ಗಿಸಿದಳು. ನಾನು ಅಂಕಪಟ್ಟಿಯನ್ನು ತೆರೆದೆ. ವಿಷಯ ಮಂಡನೆ, ಭಾಷಾ ಶುದ್ಧಿ, ಆತ್ಮವಿಶ್ವಾಸ, ತಂಡದ ನಿರ್ವಹಣೆ ಎಂದು ಕಲಮುಗಳಿದ್ದವು. ತನ್ನ ತಂಡದ ತಪ್ಪನ್ನು ತನ್ನದೆಂದು ಹೊರುವ ಗುಣಕ್ಕೆ ಅಲ್ಲಿ ಕಲಮು ಇರಲಿಲ್ಲ. ಆ ವರ್ಷ ನಾಯಕತ್ವದ ವಿಷಯದಲ್ಲಿ ಅತ್ಯಧಿಕ ಅಂಕ ಅವನಿಗೇ ಬಂದವು. ಕೊಟ್ಟವನು ನಾನೇ.

ನಿರ್ವಹಣಾ ಶಿಕ್ಷಣವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ಮುಂಬಯಿ ವಿಶ್ವವಿದ್ಯಾಲಯವು ಜಮ್ನಾಲಾಲ್ ಬಜಾಜ್ ಸಂಸ್ಥೆಯನ್ನು ಆರಂಭಿಸಿತು. ಅಂದಿನಿಂದ ಈ ವಿದ್ಯೆ ಮಹಾನಗರದ ಮಧ್ಯಮ ವರ್ಗಕ್ಕೆ ತೆರೆದ ದೊಡ್ಡ ಬಾಗಿಲಾಗಿದೆ. ಕುರ್ಲಾದಲ್ಲಿ ನಮ್ಮವರದೇ ಬಂಟರ ಸಂಘ ಇಂಥದೊಂದು ಸಂಸ್ಥೆಯನ್ನು ಕಟ್ಟಿ ನಡೆಸುತ್ತಿರುವುದು ಹೊರನಾಡ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಹಣಕಾಸು, ಮಾರುಕಟ್ಟೆ, ಅಂಕಿಸಂಖ್ಯೆಗಳ ಶಾಸ್ತ್ರಗಳನ್ನು ತರಗತಿಯಲ್ಲಿ ಚೆನ್ನಾಗಿಯೇ ಕಲಿಸಬಹುದು. ನಾಯಕತ್ವವನ್ನೂ ಅದೇ ಸಾಲಿನಲ್ಲಿ ಇನ್ನೊಂದು ವಿಷಯವನ್ನಾಗಿ ಕೂರಿಸಿದ್ದರಲ್ಲಿ ದೋಷವಿದೆ.

1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯವಹಾರ ಶಾಲೆ ಹುಟ್ಟಿತು. ನಿಜವಾಗಿ ನಡೆದ ಪ್ರಕರಣವೊಂದನ್ನು ವಿದ್ಯಾರ್ಥಿಗಳ ಮುಂದಿಟ್ಟು ‘ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಚರ್ಚೆಗೆ ಬಿಡುವ ಪದ್ಧತಿಯನ್ನು ಬೆಳೆಸಿದ್ದು ಆ ಶಾಲೆ. 1961ರಲ್ಲಿ ಅದರ ನೆರವಿನಿಂದಲೇ ಆರಂಭವಾದ ಅಹಮದಾಬಾದಿನ ಸಂಸ್ಥೆಯ ಮೂಲಕ ಆ ಪದ್ಧತಿ ನಮ್ಮಲ್ಲಿ ಬೇರೂರಿತು. ಅರೆಬರೆ ಮಾಹಿತಿಯಲ್ಲಿ ನಿರ್ಧಾರಕ್ಕೆ ಬರುವ ಧೈರ್ಯವನ್ನು ಅದು ಖಂಡಿತ ಕಲಿಸುತ್ತದೆ. ಆದರೆ ತರಗತಿಯಲ್ಲಿ ಕಾರ್ಖಾನೆಯನ್ನು ಮುಚ್ಚಲು ನಿರ್ಧರಿಸಿದ ವಿದ್ಯಾರ್ಥಿಯ ಎದುರು ಕೆಲಸ ಕಳೆದುಕೊಂಡವನಾರೂ ಬಂದು ನಿಲ್ಲುವುದಿಲ್ಲ. ಗಂಟೆ ಬಾರಿಸಿತೆಂದರೆ ಪ್ರಕರಣವೂ ಮುಗಿಯಿತು. ಕೆನಡಾದ ವಿದ್ವಾಂಸ ಹೆನ್ರಿ ಮಿಂಟ್ಜ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅನುಭವವಿಲ್ಲದವರಿಗೆ ತರಗತಿಯಲ್ಲಿ ನಿರ್ವಾಹಕತ್ವವನ್ನು ಕಲಿಸಲಾಗದೆಂದು ವಾದಿಸಿದರು. ಕೆಲಸದಲ್ಲಿರುವವರು ತಮ್ಮ ಕೆಲಸವನ್ನೇ ಪಠ್ಯವಾಗಿಟ್ಟುಕೊಂಡು ಕಲಿಯುವ ಕ್ರಮವೊಂದನ್ನು ಅವರು 1996ರಲ್ಲೇ ರೂಪಿಸಿದ್ದರು. ಅದರಲ್ಲಿ ನಮ್ಮ ಬೆಂಗಳೂರಿನ ನಿರ್ವಹಣಾ ಸಂಸ್ಥೆಯೂ ಪಾಲುಗೊಂಡಿತ್ತು.

ಇದು ಬೈಕುಲ್ಲಾಕ್ಕೆ ಹೊಸ ಮಾತೇನೂ ಅಲ್ಲ. ಇಂದು ಮಾಟುಂಗದಲ್ಲಿರುವ ವಿ.ಜೆ.ಟಿ.ಐ. ತಾಂತ್ರಿಕ ಸಂಸ್ಥೆ 1887ರಲ್ಲಿ ಸ್ಥಾಪನೆಯಾಗಿ, 1923ರಲ್ಲಿ ಅಲ್ಲಿಗೆ ಸ್ಥಳಾಂತರಗೊಳ್ಳುವವರೆಗೆ ಇಲ್ಲಿಯೇ ಇತ್ತು. ಸುತ್ತ ಬಟ್ಟೆ ಗಿರಣಿಗಳು ತಲೆಯೆತ್ತುತ್ತಿದ್ದ ಕಾಲವದು. ಅವುಗಳಿಗೆ ಬೇಕಾದ ಜನರನ್ನು ತಯಾರಿಸುವ ಸಂಸ್ಥೆಯನ್ನು ಹಿರಿಯರು ಗಿರಣಿಗಳ ಮಗ್ಗುಲಲ್ಲೇ ಇರಿಸಿದ್ದರು. ವಿದ್ಯೆಗೂ ಕೆಲಸಕ್ಕೂ ಇದ್ದ ಅಂತರ ಕೆಲವು ಬೀದಿಗಳದ್ದು ಮಾತ್ರ.

ನಾನು ಊರಿನಿಂದ ಮುಂಬಯಿಗೆ ಬಂದದ್ದು 1966ರಲ್ಲಿ, ಹದಿನಾಲ್ಕರ ಹರೆಯದಲ್ಲಿ. ಹಗಲು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ, ಸಂಜೆ ಕೋಟೆ ಪರಿಸರದ ಕನ್ನಡ ರಾತ್ರಿಶಾಲೆ. ನಮ್ಮ ಗುರುಗಳು ತಿಂಗಳಿಗೊಬ್ಬ ಹುಡುಗನಿಗೆ ತರಗತಿಯ ಪುಸ್ತಕ ನಿಧಿಯ ಹೊಣೆಯನ್ನು ಒಪ್ಪಿಸುತ್ತಿದ್ದರು. ತಲೆಗೆ ನಾಲ್ಕಾಣೆ ಸಂಗ್ರಹಿಸಿ ಲೆಕ್ಕ ಬರೆಯಬೇಕು. ನನ್ನ ಸರದಿಯಲ್ಲಿ ಮೂರೂಮುಕ್ಕಾಲು ರೂಪಾಯಿ ಕಡಿಮೆ ಬಿತ್ತು. ಅದನ್ನು ನಾನು ತಾಯಿಗೆ ಕಳುಹಿಸಿದ ಮನಿಯಾರ್ಡರಿಗೆ ಸೇರಿಸಿಬಿಟ್ಟಿದ್ದೆ. ಗುರುಗಳು ಹೊಡೆಯಲಿಲ್ಲ. ತಮ್ಮ ಜೇಬಿನಿಂದ ತುಂಬಿಸಿಕೊಡಲೂ ಇಲ್ಲ. ಎಷ್ಟು ಕಡಿಮೆಯಾಗಿದೆ, ಏಕೆ, ಎಂದು ಹಿಂದಿರುಗಿಸುತ್ತೇನೆ ಎಂಬುದನ್ನು ತರಗತಿಯ ಮುಂದೆ ನಾನೇ ನಿಂತು ಹೇಳುವಂತೆ ಮಾಡಿದರು. ಎದುರಿಗೆ ಕುಳಿತವರೆಲ್ಲ ನನ್ನಂತೆಯೇ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು. ನಾಲ್ಕಾಣೆಯ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾತು ಮುಗಿದ ಮೇಲೆ ಗುರುಗಳು ಲೆಕ್ಕದ ಪುಸ್ತಕವನ್ನು ಇನ್ನೊಬ್ಬನಿಗೆ ಕೊಡದೆ ಮತ್ತೊಂದು ತಿಂಗಳು ನನ್ನ ಬಳಿಯೇ ಇರಿಸಿದರು.

ಮುಂದೆ ನಾನು ಸಂಜೆಯ ವೇಳೆಯಲ್ಲೇ ನಿರ್ವಹಣಾ ಶಾಸ್ತ್ರದ ಡಿಪ್ಲೊಮಾ ಪಡೆದೆ, ಕಂಪೆನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಮೂವತ್ತು ವರ್ಷ ದುಡಿದೆ. ನಾಯಕತ್ವದ ಬಗೆಗಳನ್ನು ವಿವರಿಸುವ ಗ್ರಂಥಗಳನ್ನು ಓದಿದೆ, ಓದಿಸಿದೆ. ಆ ರಾತ್ರಿಯ ಪಾಠ ಅವುಗಳಲ್ಲೆಲ್ಲೂ ದೊರೆಯಲಿಲ್ಲ. ಅದರಲ್ಲಿ ಮೂರು ಅಂಶಗಳಿದ್ದವು: ನಿಜವಾದ ಹೊಣೆ, ಬಾಧಿತರ ಎದುರಿನಲ್ಲೇ ಉತ್ತರ ಕೊಡಬೇಕಾದ ಅನಿವಾರ್ಯತೆ, ತಪ್ಪಿದ ಮೇಲೂ ಉಳಿದ ನಂಬಿಕೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ನಾಯಕತ್ವದ ಶಿಕ್ಷಣ ಅಪೂರ್ಣ.

ನಮ್ಮ ಕರಾವಳಿಯ ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದ ಉಪೇಂದ್ರ ಪೈ ವ್ಯಾಪಾರಿಗಳು, ವಾಮನ ಕುಡ್ವ ಇಂಜಿನಿಯರರು, ಡಾ. ಟಿ. ಎಂ. ಎ. ಪೈ ವೈದ್ಯರು. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಗಾಗಿ ಏಜೆಂಟನು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದ. ಇಂದು ಹಣ ತೆಗೆದುಕೊಂಡ ಬಾಗಿಲಿಗೇ ನಾಳೆಯೂ ಹೋಗಿ ನಿಲ್ಲಬೇಕು. ಮುಖ ಮರೆಸಿಕೊಳ್ಳುವಂತಿಲ್ಲ. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ಆ ಏಜೆಂಟನ ದಿನಚರಿಯಿಂದ ಇಂದಿನ ಎಂ.ಬി.ಎ. ವಿದ್ಯಾರ್ಥಿಗಳು ಕಲಿಯಬೇಕಾದುದು ಬಹಳವಿದೆ.

ನಾಯಕತ್ವ ವಿಫಲವಾದಾಗ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮಾನ್ಯತೆ ಪಡೆದ ಒಂದೇ ಸಂಘದೊಡನೆ ಮಾತುಕತೆ ಎಂಬ 1946ರ ಕಾನೂನಿನ ಆಸರೆ ಮಾಲಕರಿಗಿತ್ತು. ಅವರು ಜಗ್ಗಲಿಲ್ಲ. ಹಿಂದಕ್ಕೆ ಸರಿಯುವ ದಾರಿಯನ್ನು ಕಾರ್ಮಿಕ ನಾಯಕತ್ವವೂ ಉಳಿಸಿಕೊಂಡಿರಲಿಲ್ಲ. ಯಾರೂ ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳದ ಆ ಮುಷ್ಕರ ತಾನಾಗಿಯೇ ಕರಗಿಹೋಯಿತು. ಭೋಂಗಾದ ಸದ್ದಿಗೆ ಏಳುತ್ತಿದ್ದ ನಮ್ಮ ಪರಿಸರ ಮೌನವಾಯಿತು. ಗಿರಣಿಗಳನ್ನೇ ನಂಬಿದ್ದ ಖಾನಾವಳಿಗಳು, ಚಹಾದಂಗಡಿಗಳು ಬಾಗಿಲು ಹಾಕಿದವು. ಎರಡೂ ಕಡೆಯವರಿಗೆ ಬಲವಿತ್ತು, ವಾಕ್ಚಾತುರ್ಯವಿತ್ತು. ಎದುರು ಪಕ್ಷದವನ ಮಾತನ್ನು ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಇರಲಿಲ್ಲ. ಮುಂಬಯಿಯ ಪ್ರತಿಯೊಂದು ನಿರ್ವಹಣಾ ಸಂಸ್ಥೆಯೂ ಈ ಪ್ರಕರಣವನ್ನು, ಅದನ್ನು ಬದುಕಿದವರ ಬಾಯಿಂದಲೇ ತನ್ನ ವಿದ್ಯಾರ್ಥಿಗಳಿಗೆ ಕೇಳಿಸಬೇಕು. ಹಾಗೆ ಹೇಳಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಹಾಗಾದರೆ ಆಗಬೇಕಾದುದೇನು? ಎರಡು ತಿಂಗಳ ಬೇಸಗೆ ತರಬೇತಿಯಿಂದ ಪ್ರಮಾಣಪತ್ರ ಸಿಗುತ್ತದೆ, ಹೊಣೆಯ ಅರಿವು ಬರುವುದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಗೂ ವರ್ಷವಿಡೀ ಜೀವಂತ ಸಂಸ್ಥೆಯೊಂದರ ಚಿಕ್ಕ ವಿಭಾಗವನ್ನು ವಹಿಸಿಕೊಡಬೇಕು. ಅದು ರಾತ್ರಿಶಾಲೆಯಾಗಬಹುದು, ಪಾಲಿಕೆಯ ಕನ್ನಡ ಶಾಲೆಯಾಗಬಹುದು, ಸಹಕಾರಿ ಸಂಘ ಅಥವಾ ಗ್ರಂಥಾಲಯವಾಗಬಹುದು. ವರ್ಷದ ಕೊನೆಗೆ ಅಂಕ ಕೊಡುವವರಲ್ಲಿ ಅವನ ಕೈಕೆಳಗೆ ದುಡಿದವರೂ ಇರಬೇಕು. ಸಾಲ ಮಾಡಿ ಓದುವ ಮಕ್ಕಳಿಗೆ ಇದಕ್ಕೆಲ್ಲ ಬಿಡುವೆಲ್ಲಿ, ಒಳ್ಳೆಯ ನೌಕರಿಯೇ ಮುಖ್ಯವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಮೂವತ್ತು ವರ್ಷ ಸಿಬ್ಬಂದಿ ವಿಭಾಗದಲ್ಲಿದ್ದ ನನಗೆ ತಿಳಿದಂತೆ, ನೌಕರಿಯನ್ನು ದೊರಕಿಸುವುದು ಪದವಿ. ಹತ್ತು ಜನರನ್ನು ನಡೆಸಬೇಕಾದ ದಿನ ಅದೊಂದೇ ಸಾಲುವುದಿಲ್ಲ.

ಇಲ್ಲಿ ನಮ್ಮ ಸಂಘಗಳ ಪಾಲೂ ಇದೆ. ಯುವಕರು ಬರುವುದಿಲ್ಲ ಎಂಬ ಹಳಹಳಿಕೆ ನಮ್ಮ ಪ್ರತಿಯೊಂದು ಮಹಾಸಭೆಯಲ್ಲೂ ಕೇಳಿಬರುತ್ತದೆ. ಬಂದ ಯುವಕರಿಗೆ ನಾವು ಕೊಟ್ಟ ಕೆಲಸವೇನು? ಕುರ್ಚಿ ಜೋಡಿಸುವುದು, ಹೂಗುಚ್ಛ ತರುವುದು, ಅತಿಥಿಗಳಿಗೆ ಚಹಾ ಹಂಚುವುದು. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳ ಕುರ್ಚಿಗಳು ಮಾತ್ರ ದಶಕಗಳಿಂದ ಅದೇ ಮೂವರು ನಾಲ್ವರ ನಡುವೆ ಸುತ್ತುತ್ತಿರುತ್ತವೆ. ಅಹಮದಾಬಾದಿನ ಸಂಸ್ಥೆಯ ನಿರ್ದೇಶಕರಾಗಿ 1965ರಲ್ಲಿ ಬಂದ ರವಿ ಮಥಾಯ್ ಆ ಸಂಸ್ಥೆಗೆ ಕೀರ್ತಿ ತಂದವರು. 1972ರಲ್ಲಿ, ಯಾರ ಒತ್ತಾಯವೂ ಇಲ್ಲದೆ, ಪದವಿಯನ್ನು ಬಿಟ್ಟುಕೊಟ್ಟು ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಉಳಿದರು. ಬಳಿಕ ರಾಜಸ್ಥಾನದ ಜವಾಜಾದ ಚರ್ಮಕಾರರು, ನೇಕಾರರು ತಮ್ಮ ಉದ್ಯಮವನ್ನು ತಾವೇ ನಡೆಸಿಕೊಳ್ಳುವಂತಾಗಲು ಅವರ ನಡುವೆ ಹೋಗಿ ದುಡಿದರು. ಕುರ್ಚಿಯಿಂದ ಏಳುವುದನ್ನು ಅವರು ಪಾಠ ಹೇಳದೆ ಮಾಡಿ ತೋರಿಸಿದರು.

ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಹದಿನೇಳು ವರ್ಷಗಳಿಂದ ನಮ್ಮ ಬಡಾವಣೆಯ ಸಂಘದ ವಿದ್ಯಾರ್ಥಿವೇತನ ನಿಧಿಯ ಲೆಕ್ಕ ನನ್ನ ಬಳಿಯಿದೆ. ಬೇರೆ ಯಾರೂ ಇಷ್ಟು ಅಚ್ಚುಕಟ್ಟಾಗಿ ಇಡಲಾರರೆಂದು ನಂಬಿಕೊಂಡಿದ್ದೆ. ಮೊನ್ನೆ ಆ ಕ್ಯಾಂಟೀನಿನವರ ಮಗನನ್ನು ಕರೆಸಿ, ಮುಂದಿನ ಮಹಾಸಭೆಯಲ್ಲಿ ನಾನು ಬಿಡುತ್ತೇನೆ, ನೀನು ವಹಿಸಿಕೊಳ್ಳುವೆಯಾ ಎಂದು ಕೇಳಿದೆ. ಅವನು ತಡೆದು, “ಲೆಕ್ಕ ತಪ್ಪಿದರೆ ಏನು ಮಾಡುವುದು, ಅಂಕಲ್?” ಎಂದ. ಸಭೆಯ ಮುಂದೆ ನೀನೇ ನಿಂತು ಹೇಳಬೇಕಾಗುತ್ತದೆ ಎಂದೆ. ಒಂದು ವಾರ ಬಿಟ್ಟು ಬಂದು ಒಪ್ಪಿಗೆಯಿತ್ತ.

ಇತರ ಸಂಘಗಳ ಹಿರಿಯ ಬಂಧುಗಳೂ ತಮ್ಮ ಬಳಿಯಿರುವ ಯಾವುದಾದರೊಂದು ಲೆಕ್ಕದ ಪುಸ್ತಕವನ್ನು ಈ ವರ್ಷ ಇಪ್ಪತ್ತೆರಡರ ಹರೆಯದವರ ಕೈಗೆ ಒಪ್ಪಿಸಬೇಕೆಂದು ವಿನಂತಿಸುತ್ತೇನೆ. ಮೊದಲ ತಪ್ಪು ಕಂಡೊಡನೆ ಅದನ್ನು ಹಿಂದಕ್ಕೆ ಕೇಳದಿರುವಷ್ಟು ತಾಳ್ಮೆಯೂ ನಮಗಿರಲಿ.