ಹರೆಯದವರ ಚಿತ್ರ ತೆಗೆಯುವ ಮುನ್ನ

ಎಸ್.ಎಸ್.ಎಲ್.ಸಿ. ತರಗತಿಯ ಗುಂಪುಚಿತ್ರ ತೆಗೆಯುವ ದಿನ ಒಬ್ಬಿಬ್ಬರಾದರೂ ಹಿಂದಿನ ಸಾಲಿನಲ್ಲಿ ಅಡಗುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಒಬ್ಬಳಿಗೆ ಮೊಡವೆಯ ಅಳುಕು, ಇನ್ನೊಬ್ಬನಿಗೆ ಒಮ್ಮೆಲೇ ಬೆಳೆದ ಎತ್ತರದ ನಾಚಿಕೆ. ಗದರಿಸಿ ನಗಿಸಿದರೆ ಚಿತ್ರದಲ್ಲಿ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ.

120ರ ಫಿಲ್ಮ್ ಸುರುಳಿಯಲ್ಲಿ ಚೌಕಾಕಾರದ 12 ಚಿತ್ರಗಳಷ್ಟೇ ಬರುತ್ತಿದ್ದ ಕಾಲದಲ್ಲಿ ಲೆಕ್ಕವಿಟ್ಟು ತೆಗೆಯಬೇಕಿತ್ತು. ಇಂದು ಮೊಬೈಲಿನಲ್ಲಿ ಎಷ್ಟಾದರೂ ತೆಗೆಯಬಹುದು. ಹೀಗಿರುವಾಗ ತುಸು ಕಾಯಲು ಅಡ್ಡಿಯೇನು?

ನಡುಹಗಲಿನ ಬಿಸಿಲು ಕಣ್ಣುಗಳಿಗೆ ಕಪ್ಪು ನೆರಳು ಕವಿಸುತ್ತದೆ. ಜಗಲಿಯ ನೆರಳು ಮುಖಕ್ಕೆ ಹಿತವಾದ ಬೆಳಕು ನೀಡುತ್ತದೆ. ಮೊಬೈಲನ್ನು ತೀರ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ ಕಾಣುವುದರಿಂದ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಗೆಳೆಯರೊಡನೆ ಮಾತಿಗೆ ಬಿಟ್ಟರೆ ಮೈಬಿಗಿತ ತಾನಾಗಿಯೇ ಸಡಿಲುತ್ತದೆ.

ಆದರೆ ಇದಕ್ಕೆಲ್ಲ ಮೊದಲು ಅವರ ಒಪ್ಪಿಗೆ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ತೆಗೆದುದನ್ನು ಅವರಿಗೇ ತೋರಿಸಿ, ಬೇಡವೆಂದುದನ್ನು ಅಳಿಸಬೇಕು. ಕೇಳದೆ ವಾಟ್ಸಾಪಿಗೆ ಹಾಕಬಾರದು. ನಾಳೆ ಶಾಲೆಯ ನೆನಪಾಗಿ ಅವರ ಬಳಿ ಉಳಿಯುವುದು ಈ ಚಿತ್ರ. ಅದನ್ನು ಅವರು ಮರೆಮಾಚದೆ ತಮ್ಮ ಮಕ್ಕಳಿಗೂ ತೋರಿಸುವಂತಿರಲಿ.